ಲವೀನಾ ನನಗೆ ಬಿಟ್ಟುಹೋದದ್ದು

ನನ್ನ ಗೆಳತಿಯ ಗಂಡ ಹ್ಯಾಂಬರ್ಗ್‌ನ ಅರ್ಧ ಊರಿಗೆ ಗೊತ್ತು ಎಂದು ನಾನು ನಂಬಿದ್ದೆ. ಹೋದ ತಿಂಗಳ ಒಂದು ಶನಿವಾರ, ಬೆಳಗಿನ ಸ್ವಲ್ಪ ಹೊತ್ತು.

ಆದದ್ದು ಇಷ್ಟು. ನಾನೂ ಲವೀನಾಳೂ ಎಲ್ಬೆ ನದಿಯ ಒಂದು ಕವಲಿನ ದಂಡೆಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದೆವು. ಅವಳು ಗಾಳ ಹಾಕಿದ್ದಳು. ನಾನು ಪಕ್ಕದಲ್ಲಿ ನಡುಗುತ್ತಿದ್ದೆ. ಹಸಿರು ಕೋಟಿನ ಮುದುಕರೊಬ್ಬರು ಸೈಕಲ್ ತಳ್ಳಿಕೊಂಡು ಬಂದು, ಟೋಪಿ ಮುಟ್ಟಿ, 'ಪೇಟ್ರಿ ಹೈಲ್' ಅಂದರು. ಲವೀನಾ ಏನೋ ಉತ್ತರ ಕೊಟ್ಟಳು. ಸ್ವಲ್ಪ ಹೊತ್ತಿಗೆ ನಾಯಿ ಹಿಡಿದುಕೊಂಡು ಒಬ್ಬಾಕೆ ಬಂದಳು. ಅವಳೂ 'ಪೇಟ್ರಿ ಹೈಲ್'. ಆಮೇಲೆ ಗಾಳದ ಕೋಲು ಹೊತ್ತ ಇಬ್ಬರು. ಅವರದೂ ಅದೇ ಮಾತು.

ಲವೀನಾಳ ಗಂಡನ ಹೆಸರು ಪೀಟರ್.

"ಏನೇ ಲವೀನಾ, ದಾರೀಲಿ ಹೋಗೋರೆಲ್ಲ ನಿನ್ನ ಗಂಡನ್ನೇ ವಿಚಾರಿಸ್ತಾರಲ್ಲೇ? ಅಷ್ಟೊಂದು ಫೇಮಸ್ಸಾ ಅವರು?" ಅಂದೆ.

ಅವಳು ನಕ್ಕ ನಗೆಗೆ ಕಪ್ಪಿನ ಚಹಾ ಕೋಟಿನ ಮೇಲೆ ಚೆಲ್ಲಿತು. "ಅದು ನನ್ನ ಗಂಡ ಅಲ್ಲ ಮಾರಾಯ್ರೆ. ಸಂತ ಪೀಟರ್. ಮೀನು ಹಿಡಿಯುವವರ ಸಂತ. ಗಾಳ ಹಾಕುವವರನ್ನು ಕಂಡ್ರೆ ಇಲ್ಲಿ ಹಾಗೆ ಹೇಳುದು, ಒಳ್ಳೆ ಮೀನು ಸಿಗ್ಲಿ ಅಂತ."

(ನನ್ನ ಗಂಡನ ಹೆಸರು ರಾಘವೇಂದ್ರ. ಆ ಹೆಸರು ಹಿಡಿದು ಯಾವ ಜರ್ಮನ್ನನೂ ಇದುವರೆಗೆ ನನಗೆ ಶುಭ ಕೋರಿಲ್ಲ. ಆಫೀಸಿನಲ್ಲಿ ಅವರನ್ನು 'ರಾಗು' ಅನ್ನುತ್ತಾರೆ. ಅದು ಇಲ್ಲಿ ಒಂದು ಮಾಂಸದ ಸಾರಿನ ಹೆಸರು. ಅವರಿಗೆ ಇದನ್ನು ನಾನಿನ್ನೂ ಹೇಳಿಲ್ಲ.)

ಆ ದಿನ ನಾವಿಬ್ಬರೂ ನಕ್ಕದ್ದು ಅದೊಂದೇ ಸಲ.

ಲವೀನಾ ಯಾರು ಅಂತ ಹೇಳಬೇಕು. ಉಡುಪಿ ಹತ್ತಿರದ ಕಲ್ಯಾಣಪುರದವಳು. ಅಳಿವೆಯ ಪಕ್ಕದ ಮನೆ. ಅಪ್ಪನ ಜೊತೆ ಸಂಜೆ ಹೊತ್ತು ಗಾಳ ಹಾಕಿಕೊಂಡು ಬೆಳೆದವಳು. ನಾನು ಮೈಸೂರಿನವಳು, ಮೀನನ್ನು ಅಕ್ವೇರಿಯಂನಲ್ಲಿ ನೋಡಿ ಬೆಳೆದವಳು. ನಾವು ಸಿಕ್ಕಿದ್ದು ಇಲ್ಲಿನ ಡಾಯಿಚ್ ಕ್ಲಾಸಿನಲ್ಲಿ, ಅಂದರೆ ಜರ್ಮನ್ ಕಲಿಸುವ ತರಗತಿಯಲ್ಲಿ. ಇಬ್ಬರ ಗಂಡಂದಿರೂ ಗ್ರೀನ್ ಕಾರ್ಡಿನ ಮೇಲೆ ಬಂದವರು. ಗ್ರೀನ್ ಕಾರ್ಡ್ ಅಂದ ಕೂಡಲೇ ನಿಮ್ಮಲ್ಲಿ ಕೆಲವರು ಅಮೆರಿಕ ಅಂದುಕೊಂಡು ಪತ್ರ ಬರೆಯುತ್ತೀರಿ. ಅಲ್ಲ ಸ್ವಾಮಿ, ಇದು ಜರ್ಮನಿಯದ್ದು. ಹೆಸರು ಮಾತ್ರ ಅಲ್ಲಿಂದ ತಂದದ್ದು. ಕಂಪ್ಯೂಟರ್ ಜನರಿಗೆ ಐದು ವರ್ಷ ಇರಲು ಕೊಡುವ ಪರ್ಮಿಟ್. ಐದು ವರ್ಷ ಅಂದರೂ, ಕೆಲಸ ಇರುವ ತನಕ.

ಹೆಂಡತಿಯರು ಡಿಪೆಂಡೆಂಟ್‌ಗಳು. ಬಂದ ಹೊಸದರಲ್ಲಿ ನಮಗೆ ಕೆಲಸ ಮಾಡುವ ಅನುಮತಿಯೂ ಇರಲಿಲ್ಲ. ಊರಲ್ಲಿ ನಾನು ಬ್ಯಾಂಕಿನಲ್ಲಿದ್ದೆ, ಲವೀನಾ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದಳು. ಇಲ್ಲಿ ಬಂದು ಇಬ್ಬರೂ ಕಿಟಕಿ ಒರೆಸುತ್ತ ಕೂತೆವು. ನಾನು ನಿಮಗೆ ಅಂಕಣ ಬರೆಯಲು ಶುರು ಮಾಡಿದೆ. ಅವಳು ಮೀನು ಹಿಡಿಯುವ ಪರೀಕ್ಷೆಗೆ ಕಟ್ಟಿದಳು.

ತಮಾಷೆಯಲ್ಲ. ಈ ದೇಶದಲ್ಲಿ ಗಾಳ ಹಾಕಬೇಕಾದರೆ ಪರೀಕ್ಷೆ ಪಾಸಾಗಬೇಕು. ಯಾವ ಮೀನಿಗೆ ಎಷ್ಟು ರೆಕ್ಕೆ, ಎಷ್ಟುದ್ದ ಬೆಳೆದರೆ ಹಿಡಿಯಬಹುದು, ಯಾವ ತಿಂಗಳು ಮುಟ್ಟಬಾರದು, ಎಲ್ಲ ಜರ್ಮನ್‌ನಲ್ಲಿ. "ನಮ್ಮಲ್ಲಿ ಮೂರು ವರ್ಷದ ಮಕ್ಕಳೂ ಹಿಡೀತಾರೆ, ಇವರಿಗೆ ಸರ್ಟಿಫಿಕೇಟ್ ಬೇಕಂತೆ" ಎಂದು ಗೊಣಗುತ್ತಲೇ ಓದಿದಳು. ಅವಳ ಕೈಯಲ್ಲಿ ಪಾಠ ಒಪ್ಪಿಸಿಕೊಳ್ಳುತ್ತಿದ್ದವಳು ನಾನು. ಹಾಗಾಗಿ ನಾನು ತಿನ್ನದ, ನೋಡದ ಮೀನುಗಳ ಹೆಸರೆಲ್ಲ ನನಗೆ ಜರ್ಮನ್‌ನಲ್ಲಿ ಬಾಯಿಪಾಠ. ಕನ್ನಡದಲ್ಲಿ ಅವಕ್ಕೆ ಏನನ್ನುತ್ತಾರೋ ಗೊತ್ತಿಲ್ಲ.

ಪಾಸಾದ ಮೇಲೆ ಅವಳು ಒಬ್ಬಳೇ ಹೋಗುತ್ತಿದ್ದಳು. ಯಾರನ್ನೂ ಕರೆಯುತ್ತಿರಲಿಲ್ಲ. ಪೀಟರ್‌ಗೆ ಮೀನು ತಟ್ಟೆಯಲ್ಲಿದ್ದರೆ ಮಾತ್ರ ಇಷ್ಟ. ನನ್ನನ್ನಂತೂ ಕರೆಯುವ ಪ್ರಶ್ನೆಯೇ ಇರಲಿಲ್ಲ. ಅಂಥವಳು ಹೋದ ತಿಂಗಳು ಫೋನ್ ಮಾಡಿ, "ಸುಮಕ್ಕ, ಶನಿವಾರ ಫ್ರೀ ಉಂಟಾ? ಗಾಳ ಹಾಕ್ಲಿಕ್ಕೆ ಹೋಗುವ" ಅಂದಳು.

ನಾನು ಒಪ್ಪಿದೆ. ಒಪ್ಪದೆ ಏನು ಮಾಡಲಿ? ಅವರು ಊರು ಬಿಡುವುದಕ್ಕೆ ಕೆಲವೇ ದಿನ ಉಳಿದಿತ್ತು.

ಪೀಟರ್ ಕೆಲಸ ಮಾಡುತ್ತಿದ್ದ ಸಣ್ಣ ಕಂಪನಿ ಬೇಸಗೆಯಲ್ಲಿ ಬಾಗಿಲು ಹಾಕಿತ್ತು. ಅವರು ಫ್ರಾಂಕ್‌ಫರ್ಟಿಗೆ ಹೋಗಿ ಕಂಡಕಂಡ ಕನ್ಸಲ್ಟೆನ್ಸಿಗಳ ಮೆಟ್ಟಿಲು ಹತ್ತಿದರು. ಮ್ಯೂನಿಕ್ ಪಕ್ಕದ ನೊಯ್‌ಬಿಬರ್ಗ್‌ನಲ್ಲಿ ಚಿಪ್ ಕೆಲಸದ ಇಂಟರ್‌ವ್ಯೂ ಕೊಟ್ಟು ಬಂದರು. ಎಲ್ಲ ಕಡೆ ಬಹಳ ಮರ್ಯಾದೆಯಿಂದ 'ಸದ್ಯಕ್ಕಿಲ್ಲ' ಅಂದರು. ಎರಡು ವರ್ಷದ ಹಿಂದೆ ನಮ್ಮನ್ನು ಏರ್‌ಪೋರ್ಟಿಗೆ ಬಂದು ಕರೆದುಕೊಂಡು ಹೋದ ದೇಶ ಇದೇ. ಈಗ ನಮ್ಮ ಬೆಲೆ ಕಡಿಮೆಯಾಗಿದೆ. ಪರ್ಮಿಟ್ ಕೊಡುವ ಕಚೇರಿಯವರು ಕೊಟ್ಟ ಅವಧಿಯೂ ಮುಗಿಯುತ್ತ ಬಂದಿತ್ತು. ಪೀಟರ್ ಟಿಕೆಟ್ ಮಾಡಿಸಿದರು.

ಇಲ್ಲಿಂದ ನಮ್ಮವರು ಊರಿಗೆ ಹೊರಟರೆ ಒಂದು ಕ್ರಮವಿದೆ. ಮನೆ ಸಾಮಾನು ಹಂಚುವುದು. ಮಾರುವುದಲ್ಲ, ಹಂಚುವುದು. ಪ್ರೆಷರ್ ಕುಕ್ಕರ್ ಒಬ್ಬರಿಗೆ, ಇಡ್ಲಿ ಸ್ಟ್ಯಾಂಡ್ ಒಬ್ಬರಿಗೆ, ಅರ್ಧ ಮುಗಿದ ಹುಣಸೆಹಣ್ಣಿನ ಡಬ್ಬಿ ಇನ್ನೊಬ್ಬರಿಗೆ. ಹೊರಡುವವರ ಮನೆಗೆ ಚಹಾಕ್ಕೆ ಹೋದವರು ಬರುವಾಗ ಕೈಯಲ್ಲಿ ಏನಾದರೂ ಹಿಡಿದೇ ಬರುತ್ತಾರೆ. ನನ್ನ ಅಡುಗೆಮನೆಯಲ್ಲಿ ಹಾಗೆ ಬಂದ ಒಗ್ಗರಣೆ ಸೌಟೊಂದಿದೆ. ಅದರ ಮೂಲ ಯಜಮಾನರು ಯಾರೋ ನನಗೂ ಗೊತ್ತಿಲ್ಲ, ನನಗೆ ಕೊಟ್ಟವರಿಗೂ ಗೊತ್ತಿರಲಿಲ್ಲ.

ಲವೀನಾಳ ಮನೆಯಲ್ಲಿ ಒಂದು ಗ್ರೈಂಡರ್ ಇತ್ತು. ಕೊಯಮತ್ತೂರಿನ ಕಲ್ಲಿನ ಗ್ರೈಂಡರ್. ಅದನ್ನು ಬಟ್ಟೆಗಳ ನಡುವೆ ಮುಚ್ಚಿಟ್ಟು ವಿಮಾನದಲ್ಲಿ ತಂದಿದ್ದಳು. ಹ್ಯಾಂಬರ್ಗ್‌ನ ಕನ್ನಡದ ಹೆಂಗಸರೆಲ್ಲರ ಕಣ್ಣೂ ಅದರ ಮೇಲಿತ್ತು. ಹೆಚ್ಚಿನದು ನನ್ನದೇ. ಮಿಕ್ಸಿಯಲ್ಲಿ ರುಬ್ಬಿದ ಉದ್ದಿನಹಿಟ್ಟು ಎಷ್ಟು ಹೊತ್ತು ಕಾದರೂ ಉಬ್ಬುವುದಿಲ್ಲ. ಅದೂ ಈ ಚಳಿಯಲ್ಲಿ.

ಆದರೆ ಇಲ್ಲಿ ಗ್ರೈಂಡರ್ ಇದ್ದರೆ ಸಾಲದು. ರುಬ್ಬಲು ಹೊತ್ತೂ ಸಿಗಬೇಕು. ಈ ದೇಶದಲ್ಲಿ 'ರೂಹೆತ್ಸೈಟ್' ಅಂತ ಒಂದಿದೆ. ರೂಹೆ ಅಂದರೆ ವಿಶ್ರಾಂತಿ, ತ್ಸೈಟ್ ಅಂದರೆ ಕಾಲ. ನಾವು ಬಾಡಿಗೆಗಿರುವ ಕಟ್ಟಡದ ಬಾಗಿಲಲ್ಲೇ ಬರೆದು ಅಂಟಿಸಿದ್ದಾರೆ. ಮಧ್ಯಾಹ್ನ ಊಟದ ಮೇಲೆ ಸದ್ದು ಮಾಡಬಾರದು. ರಾತ್ರಿ ಮಾಡಬಾರದು. ಭಾನುವಾರ ಇಡೀ ದಿನ ಮಾಡಬಾರದು. ಒಮ್ಮೆ ನಾನು ಭಾನುವಾರ ಚಟ್ನಿ ರುಬ್ಬಿದೆ. ಕೆಳಗಿನ ಮನೆಯ ಅಜ್ಜಿ ಬಂದು ಬಾಗಿಲು ತಟ್ಟಿ, ಕೈಗಡಿಯಾರ ತೋರಿಸಿ, 'ರೂಹೆತ್ಸೈಟ್' ಎಂಬ ಒಂದೇ ಪದ ಹೇಳಿ ಇಳಿದುಹೋದಳು. ಜರ್ಮನ್ ಭಾಷೆಯಲ್ಲಿ ನಾನು ಮೈಗೆ ತಗುಲಿಸಿಕೊಂಡು ಕಲಿತ ಮೊದಲ ಪದ ಅದು.

ಇಷ್ಟು ನಿಮಗೆ ತಿಳಿದಿರಲಿ. ಈಗ ನದಿಯ ದಂಡೆಗೆ ವಾಪಸ್ ಬರೋಣ.

ಎಸ್-ಬಾನ್ ರೈಲು ಇಳಿದು, ಬಸ್ಸು ಹತ್ತಿ, ಅದನ್ನೂ ಇಳಿದು, ಒಣಗಿದ ಜೊಂಡಿನ ನಡುವೆ ನಡೆದು ಹೋಗಬೇಕು. ಸಮುದ್ರ ಇಲ್ಲಿಂದ ಬಹಳ ದೂರ. ಆದರೂ ಅದರ ಉಬ್ಬರವಿಳಿತ ನದಿಯೊಳಗೆ ಇಲ್ಲಿಯವರೆಗೆ ಬರುತ್ತದೆ. ನಾವು ಹೋದಾಗ ಕವಲಿನ ತುಂಬ ನೀರಿತ್ತು. ಬಣ್ಣ ಮಾತ್ರ ತೊಳೆದ ಪಾತ್ರೆಯ ನೀರಿನದು. ಸೂರ್ಯ ಬಂದಿರಲಿಲ್ಲ. ಬರುವ ಅಂದಾಜೂ ಕಾಣಲಿಲ್ಲ.

ಲವೀನಾ ಡಬ್ಬಿಯಿಂದ ಎರೆಹುಳ ತೆಗೆದಳು. (ನಾನು ಆಕಾಶ ನೋಡಿದೆ.) ಎರಡು ಗಾಳ ಎಸೆದಳು, ಕೋಲುಗಳನ್ನು ಕವೆಗೆ ಒರಗಿಸಿದಳು, ತುದಿಗೆ ಒಂದೊಂದು ಪುಟ್ಟ ಗಂಟೆ ಸಿಕ್ಕಿಸಿದಳು. ಮೀನು ಎಳೆದರೆ ಗಂಟೆ ಅಲ್ಲಾಡುತ್ತದಂತೆ. ಚಳಿಗಾಲದಲ್ಲಿ ಇಲ್ಲಿ ಸಿಗುವುದು ಕ್ವಾಪೆ ಅನ್ನುವ ಮೀನು. ಗಲ್ಲದ ಕೆಳಗೆ ಒಂದೇ ಒಂದು ಮೀಸೆ. ತಳದಲ್ಲಿ ಬಿದ್ದುಕೊಂಡಿರುತ್ತದೆ. ಹಗಲು ಹೊತ್ತು ಅದಕ್ಕೆ ಬಹಳ ಸೋಮಾರಿತನ.

ನಾನೊಮ್ಮೆ ಸುಮ್ಮನೆ ಕೋಲು ಮುಟ್ಟಲು ಹೋದೆ. "ಮುಟ್ಬೇಡಿ ಸುಮಕ್ಕ. ನಿಮಗೆ ಲೈಸೆನ್ಸ್ ಇಲ್ಲ. ಯಾರಾದ್ರೂ ಕಂಡ್ರೆ ನಿಮ್ಮ ಪರ್ಮಿಟ್‌ಗೆ ತೊಂದ್ರೆ" ಅಂದಳು. ಪರ್ಮಿಟ್ ಅನ್ನುವ ಪದ ಕೇಳಿದರೆ ನಮ್ಮ ಕೈ ತಾನಾಗಿ ಹಿಂದೆ ಬರುತ್ತದೆ. ಬಂತು.

ಆಮೇಲೆ ಕೂತೆವು. ಕೂತೇ ಇದ್ದೆವು.

ಮೀನು ಹಿಡಿಯುವುದು ಅಂದರೆ ಏನೋ ಕೆಲಸ ಅಂತ ನಾನು ತಿಳಿದಿದ್ದೆ. ಏನೂ ಕೆಲಸವಿಲ್ಲ. ಗಂಟೆ ಅಲ್ಲಾಡುವುದಿಲ್ಲ. ನೀರು ಇಳಿಯುತ್ತದೆ. ಮೊದಲು ಒಂದು ಅಂಚು ಕೆಸರು ಕಾಣುತ್ತದೆ, ಆಮೇಲೆ ಅಷ್ಟಗಲ, ಆಮೇಲೆ ಹಳೇ ದೋಣಿಯ ಒಂದು ಹಲಗೆ. ಕಾಲಿನ ಬೆರಳುಗಳು ಇವೆಯೋ ಇಲ್ಲವೋ ತಿಳಿಯುವುದಿಲ್ಲ. ಚಹಾ ಮುಗಿಯಿತು, ನಾನು ತಂದ ಅವಲಕ್ಕಿ ಮುಗಿಯಿತು, ನನ್ನ ಮಾತೂ ಮುಗಿಯುತ್ತ ಬಂತು.

ಮಾತಾಡಿದ್ದೆಲ್ಲ ನಾನೇ. ಎಷ್ಟು ಸೂಟ್‌ಕೇಸು, ಎಷ್ಟು ಕಿಲೋ, ಬೆಂಗಳೂರಿನಿಂದ ಮಂಗಳೂರಿಗೆ ರೈಲೋ ಬಸ್ಸೋ. ಅವಳು ಹೂಂ, ಊಹೂಂ ಅನ್ನುತ್ತಿದ್ದಳು. ಊರಿಗೆ ಹೋದರೆ ಮತ್ತೆ ಪಾಠ ಹೇಳಬಹುದು, ಒಳ್ಳೇದೇ ಆಯ್ತು ಬಿಡು ಅಂದೆ. ಅವಳು ಎದ್ದು ಕೋಲನ್ನು ಕವೆಯ ಮೇಲೆ ಸರಿಮಾಡಿದಳು.

ಸುಮ್ಮನಿರಲು ಬಾರದವರು ಕೊನೆಗೆ ಏನು ಮಾಡುತ್ತಾರೆ? ತಮಾಷೆ ಮಾಡುತ್ತಾರೆ. ನಾನೂ ಮಾಡಿದೆ.

"ಎಲ್ಲರಿಗೂ ಒಂದೊಂದು ಕೊಟ್ಟೆ. ನನಗೇನು ಬಿಟ್ಟು ಹೋಗ್ತೀಯ ಲವೀನಾ?" ಅಂದೆ.

ಅವಳು ನನ್ನ ಕಡೆ ತಿರುಗಿದಳು. ಅದೇ ಮಾತಿಗೆ ಬೆಳಗ್ಗಿನಿಂದ ಕಾದವಳ ಮುಖ.

"ನಿಮ್ಮ ಹತ್ರ ಒಂದು ಬಿಟ್ಟು ಹೋಗ್ಬೇಕು ಅಂತ ಉಂಟು. ಬೇರೆ ಯಾರ ಹತ್ರವೂ ಕೇಳ್ಲಿಕ್ಕೆ ಮನಸ್ಸಿಲ್ಲ. ನೋಡ್ಕೊಳ್ತೀರಾ?"

"ನೋಡ್ಕೊಳ್ಳದೆ ಏನೇ? ಚೆನ್ನಾಗಿ ಇಟ್ಕೋತೀನಿ. ನಾಳೆನೇ ಬಂದು ಎತ್ಕೊಂಡು ಹೋಗ್ಲಾ?"

"ಎತ್ಕೊಂಡು ಹೋಗ್ಲಿಕ್ಕೆ ಬಿಡುದಿಲ್ಲ ಸುಮಕ್ಕ. ಕೇಳಿ ನೋಡಿದೆ. ರೂಹೆತ್ಸೈಟ್ ಉಂಟು ಹೇಳಿದ್ರು."

"ರೂಹೆತ್ಸೈಟ್ ಇದ್ರೆ ಇರಲಿ ಬಿಡೇ. ಮಧ್ಯಾಹ್ನ ಬಿಟ್ಟು, ಭಾನುವಾರ ಬಿಟ್ಟು, ಬೆಳಿಗ್ಗೆ ಹೊತ್ತು ಹಾಕ್ಕೋತೀನಿ. ಕೆಳಗಿನ ಮನೆ ಅಜ್ಜಿಗೆ ಎರಡು ದೋಸೆ ಕೊಟ್ರೆ ಅವಳೂ ಸುಮ್ನಾಗ್ತಾಳೆ."

ಲವೀನಾ ನನ್ನನ್ನೇ ನೋಡುತ್ತಿದ್ದಳು. ಸಿಟ್ಟಿರಲಿಲ್ಲ ಅವಳ ಮುಖದಲ್ಲಿ. ನಾನು ಏನು ಹೇಳುತ್ತಿದ್ದೇನೆಂದು ಅರ್ಥ ಮಾಡಿಕೊಳ್ಳಲು ನೋಡುತ್ತಿದ್ದಳು. ಅರ್ಥವಾಯಿತು.

"ಗ್ರೈಂಡರ್ ಅಲ್ಲ ಅಕ್ಕ," ಅಂದಳು. "ಐರಿನ್."

ಆಗ ಗಂಟೆ ಅಲ್ಲಾಡಿತು. ಇಡೀ ದಿನ ಸುಮ್ಮನಿದ್ದ ಗಂಟೆ. ಇಬ್ಬರೂ ಏಳಲಿಲ್ಲ. ಅದು ಇನ್ನೊಂದು ಸಲ ಅಲ್ಲಾಡಿ ನಿಂತಿತು.

ಐರಿನ್ ಬಗ್ಗೆ ನಾನು ಈ ಅಂಕಣದಲ್ಲಿ ಯಾವತ್ತೂ ಬರೆದಿಲ್ಲ. ಲವೀನಾಳ ಮಗಳು. ಹೋದ ವರ್ಷದ ವಸಂತದಲ್ಲಿ, ದಿನ ತುಂಬುವ ಮೊದಲೇ ಹುಟ್ಟಿದಳು. ಬೆಳಗ್ಗೆ ಹುಟ್ಟಿ ಸಂಜೆಯವರೆಗೆ ಇದ್ದಳು. ಆಸ್ಪತ್ರೆಯಲ್ಲಿದ್ದ ಮಲಯಾಳಿ ನರ್ಸೊಬ್ಬರು ಹಣೆಗೆ ನೀರು ಮುಟ್ಟಿಸಿ ಹೆಸರಿಟ್ಟರು. ಪೀಟರ್ ಫೋನಿನಲ್ಲಿ ಊರಿನವರ ಜೊತೆ ಮಾತಾಡುತ್ತಿದ್ದರು. ಲವೀನಾಗೆ ಎಚ್ಚರ ತಪ್ಪುತ್ತಿತ್ತು, ಬರುತ್ತಿತ್ತು. ಆ ನರ್ಸು ಮಗುವನ್ನು ಸುತ್ತಿ ನನ್ನ ಕೈಗೆ ಕೊಟ್ಟರು. ಎಷ್ಟು ಹೊತ್ತು ಎತ್ತಿಕೊಂಡಿದ್ದೆನೋ ಗೊತ್ತಿಲ್ಲ. ಭಾರವೇ ಇರಲಿಲ್ಲ ಅನ್ನುವುದು ಮಾತ್ರ ಗೊತ್ತು.

ಮಣ್ಣು ಮಾಡಿದ ದಿನ ನಾನು ಹೋಗಲಿಲ್ಲ. ಮನೆಯಲ್ಲಿ ಅನ್ನ, ತಿಳಿಸಾರು ಮಾಡಿ ರಾಘವೇಂದ್ರ ಅವರ ಕೈಯಲ್ಲಿ ಕಳಿಸಿದೆ. ನಮ್ಮಲ್ಲಿ ಹೆಂಗಸರು ಅಲ್ಲಿಗೆ ಹೋಗುವುದಿಲ್ಲ. ಹೋದ ಗಂಡಸರು ಹಿಂತಿರುಗಿ ನೋಡದೆ ಬರುತ್ತಾರೆ, ತಲೆಗೆ ನೀರು ಹಾಕಿಕೊಂಡು ಒಳಗೆ ಬರುತ್ತಾರೆ. ಅಷ್ಟೇ. ಮತ್ತೆ ಆ ಜಾಗದ ಮಾತಿಲ್ಲ. ಎಳೆ ಮಕ್ಕಳನ್ನು ನಾವೂ ಮಣ್ಣಿಗೇ ಕೊಡುತ್ತೇವೆ. ಆದರೆ ಗುರುತು ಇಡುವುದಿಲ್ಲ.

ಲವೀನಾಳ ಕ್ರಮ ಬೇರೆ. ಅವರಲ್ಲಿ ಹೋಗಬೇಕು, ಮೇಣದಬತ್ತಿ ಹಚ್ಚಬೇಕು, ಹೂವಿಡಬೇಕು. ಅವಳು ಪ್ರತಿ ವಾರ ಹೋಗುತ್ತಿದ್ದಳು. ಅದು ನನಗೆ ಗೊತ್ತಿತ್ತು. ಅವರು ಊರು ಬಿಟ್ಟರೆ ಆ ಮಗು ಇಲ್ಲೇ ಉಳಿಯುತ್ತದೆ ಅನ್ನುವುದು ಮಾತ್ರ ನನಗೆ ಹೊಳೆದೇ ಇರಲಿಲ್ಲ. ಸೂಟ್‌ಕೇಸು ಲೆಕ್ಕ ಹಾಕಿದೆ, ರೈಲು ಕೇಳಿದೆ, ಗ್ರೈಂಡರ್ ಆಸೆಪಟ್ಟೆ. ಹೊಳೆಯಬೇಕಿತ್ತಲ್ಲವೇ?

ಲವೀನಾ ನಿಧಾನಕ್ಕೆ ಹೇಳಿದಳು. ಮನೆಯಲ್ಲಿ ಈ ಮಾತು ತೆಗೆಯಲಾಗುವುದಿಲ್ಲ, ತೆಗೆದರೆ ಪೀಟರ್ ಎದ್ದು ಬಾಲ್ಕನಿಗೆ ಹೋಗುತ್ತಾರೆ. ಅದಕ್ಕೇ ನನ್ನನ್ನು ಇಲ್ಲಿಗೆ ಕರೆದದ್ದು. ಮಗುವನ್ನು ಊರಿಗೆ ತೆಗೆದುಕೊಂಡು ಹೋಗಬಹುದೇ ಎಂದು ಅವಳು ಸ್ಮಶಾನದ ಕಚೇರಿಗೆ ಹೋಗಿ ಕೇಳಿದ್ದಳು. ಅಲ್ಲಿನ ಹೆಂಗಸು ಬಹಳ ಮೆತ್ತಗೆ ಮಾತಾಡಿದಳಂತೆ. ಆಗುವುದಿಲ್ಲ, ಮಣ್ಣಿನಲ್ಲಿಟ್ಟ ಮೇಲೆ ಇಷ್ಟು ವರ್ಷ ಅಲುಗಿಸಬಾರದು ಎಂದಿದೆ ಅಂದಳಂತೆ. ಅದಕ್ಕೆ ಅವರು ಬಳಸುವ ಪದವೂ ರೂಹೆತ್ಸೈಟ್.

ಚಟ್ನಿ ರುಬ್ಬಬಾರದ ಹೊತ್ತಿಗೂ, ಮಗುವನ್ನು ಅಲುಗಿಸಬಾರದ ವರ್ಷಗಳಿಗೂ ಒಂದೇ ಪದ. ಇಷ್ಟು ದೊಡ್ಡ ಭಾಷೆಗೆ ಇನ್ನೊಂದು ಪದ ಸಿಗಲಿಲ್ಲವೇ?

"ನಮಗೆ ಕೊಟ್ಟದ್ದು ಐದು ವರ್ಷ, ಅದನ್ನೂ ನಡುವೆ ತೆಗೆದ್ರು," ಅಂದಳು. "ಅವಳಿಗೆ ಅದಕ್ಕಿಂತ ಎಷ್ಟೋ ಜಾಸ್ತಿ ಕೊಟ್ಟಿದ್ದಾರೆ. ಮತ್ತೆ ನಿಮಗೆ ನೆನಪುಂಟಾ, ನಾವು ಬರುವಾಗ ಇವರು ಹೇಳ್ತಾ ಇದ್ದದ್ದು? ಕಿಂಡರ್ ಶ್ಟಾಟ್ ಇಂಡರ್."

ನೆನಪಿತ್ತು. ಕಿಂಡ್ ಅಂದರೆ ಮಗು, ಇಂಡರ್ ಅಂದರೆ ಇಂಡಿಯಾದವರು. ಇಂಡಿಯಾದವರ ಬದಲು ಮಕ್ಕಳು ಎಂದು ಅರ್ಥ. ಗ್ರೀನ್ ಕಾರ್ಡ್ ಸುದ್ದಿ ಎದ್ದಾಗ ಚುನಾವಣೆಯಲ್ಲಿ ಹುಟ್ಟಿದ ಘೋಷಣೆ. ಹೊರಗಿನವರನ್ನು ಕರೆಸುವ ಬದಲು ನಮ್ಮ ಮಕ್ಕಳಿಗೇ ಕಂಪ್ಯೂಟರ್ ಕಲಿಸೋಣ ಎಂಬುದು ಅದರ ತಾತ್ಪರ್ಯ. ಪ್ರಾಸ ಚೆನ್ನಾಗಿದೆ ಎಂದು ಡಾಯಿಚ್ ಕ್ಲಾಸಿನಲ್ಲಿ ನಾವೇ ನಕ್ಕಿದ್ದೆವು.

"ಅವರು ಕೇಳಿದ ಹಾಗೇ ಆಯ್ತು ನೋಡಿ," ಅಂದಳು ಲವೀನಾ. "ಇಂಡರ್ ಹೋಗ್ತಾ ಇದ್ದಾರೆ. ಕಿಂಡ್ ಇಲ್ಲೇ ಉಂಟು."

ಹೇಳಿ ಅವಳು ಎದ್ದುಹೋಗಿ ದಾರ ಸುತ್ತತೊಡಗಿದಳು. ಅವಳ ಭುಜ ಅಲ್ಲಾಡುತ್ತಿತ್ತು. ನಾನೂ ಎದ್ದು ಹೋಗಿ ಅವಳ ಪಕ್ಕ ನಿಂತೆ. ಅಳು ಬಂತು, ಅತ್ತೆ. ಕೊಕ್ಕೆ ಮೇಲೆ ಬಂದಾಗ ಹುಳವೂ ಇರಲಿಲ್ಲ, ಮೀನೂ ಇರಲಿಲ್ಲ.

"ಚರ್ಚಿನವರಿಗೆ ಹೇಳಿದ್ರೆ ಪ್ರಾರ್ಥನೆ ಮಾಡ್ತಾರೆ," ಅಂದಳು ಕಣ್ಣೊರೆಸಿಕೊಂಡು. "ದುಡ್ಡು ಕೊಟ್ರೆ ಹೂವು ನೆಡುವವರೂ ಇದ್ದಾರೆ. ಪೀಟರ್ ಅದನ್ನೇ ಮಾಡುವ ಅಂತಾರೆ. ಆದ್ರೆ ಇಲ್ಲಿಯವರು ಅವಳ ಹೆಸರು ಓದುದು ಇರೇನೆ ಅಂತ. ಕಲ್ಲಿನ ಮೇಲೆ ಬರ್ದದ್ದನ್ನು ಅವರ ಭಾಷೆಯಲ್ಲಿ ಹಾಗೇ ಓದುದು. ನಾನು ಹೋದಾಗೆಲ್ಲ ಒಂದು ಸಲ ಐರಿನ್ ಅಂತ ಕರೀತೇನೆ. ನಾನು ಹೋದ ಮೇಲೆ ಅವಳನ್ನು ಯಾರೂ ಅವಳ ಹೆಸರಲ್ಲಿ ಕರೀದಿಲ್ಲ ಅಲ್ವಾ? ನೀವು ಎತ್ಕೊಂಡಿದ್ರಿ ಅವಳನ್ನು. ಅದಕ್ಕೆ ಕೇಳಿದ್ದು. ನಿಮ್ಮಲ್ಲಿ ಹೋಗ್ಬಾರದು ಅಂತ ಉಂಟು, ನನಗೆ ಗೊತ್ತುಂಟು. ಆಗುದಿಲ್ಲ ಅಂದ್ರೆ ಬೇಜಾರಿಲ್ಲ."

ನನಗೆ ಅಮ್ಮನ ನೆನಪಾಯಿತು. ನ್ಯಾಯವಾಗಿ ನನಗೊಬ್ಬ ಅಣ್ಣ ಇರಬೇಕಿತ್ತು. ಹುಟ್ಟಿ ಕೆಲವೇ ದಿನಕ್ಕೆ ಹೋದ. ಮನೆಯ ಗಂಡಸರು ಬಟ್ಟೆಯಲ್ಲಿ ಸುತ್ತಿ ತೆಗೆದುಕೊಂಡು ಹೋದರು. ಎಲ್ಲಿ ಅಂತ ಅಮ್ಮನಿಗೆ ಅವರು ಹೇಳಲಿಲ್ಲ. ಅಮ್ಮ ಕೇಳಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ನಾವಿಬ್ಬರೂ ಬಸ್ಸಿನಲ್ಲಿ ಶ್ರೀರಂಗಪಟ್ಟಣದ ಸೇತುವೆ ದಾಟುತ್ತಿದ್ದೆವು. ಅಮ್ಮ ಕಿಟಕಿಯಿಂದ ಹೊಳೆ ನೋಡುತ್ತ, "ಈ ದಡವೋ ಆ ದಡವೋ, ಅದೂ ಗೊತ್ತಿಲ್ಲ" ಅಂದಳು. "ಏನಮ್ಮಾ?" ಅಂದೆ. "ಏನಿಲ್ಲ, ಸರಿಯಾಗಿ ಕೂತ್ಕೋ" ಅಂದಳು. ಎಷ್ಟೋ ವರ್ಷದ ಮೇಲೆ ಚಿಕ್ಕಮ್ಮ ವಿಷಯ ಹೇಳಿದಾಗಲೇ ನನಗೆ ಅದರ ಅರ್ಥವಾದದ್ದು.

ಹಿಂತಿರುಗಿ ನೋಡಬಾರದು ಅನ್ನುವ ಕ್ರಮ ಯಾರಿಗೆ ಒಳ್ಳೆಯದೆಂದು ಮಾಡಿದರು? ಹೋದವರಿಗೋ, ಉಳಿದವರಿಗೋ? ಅಮ್ಮನಿಗಂತೂ ಅಲ್ಲ.

"ನೋಡ್ಕೋತೀನಿ ಕಣೇ," ಅಂದೆ.

ಅವಳು ತಲೆಯಾಡಿಸಿದಳು. ಕೊಕ್ಕೆಗೆ ಇನ್ನೊಂದು ಹುಳ ಚುಚ್ಚಿ ಎಸೆದಳು. ನೀರು ಪೂರ್ತಿ ಇಳಿದು, ಸ್ವಲ್ಪ ಹೊತ್ತು ಯಾವ ಕಡೆಗೂ ಹರಿಯದೆ ನಿಂತಿತ್ತು. ಆಮೇಲೆ ಸಮುದ್ರದ ಕಡೆಯಿಂದ ಮತ್ತೆ ಏರತೊಡಗಿತು. ಕತ್ತಲಾಗುವವರೆಗೆ ಕೂತೆವು. ಏನೂ ಸಿಗಲಿಲ್ಲ.

ಮಾರನೆಯ ದಿನ ಅವಳು ನನ್ನನ್ನು ಫ್ರೀಡ್‌ಹೋಫ್‌ಗೆ, ಅಂದರೆ ಇಲ್ಲಿನ ಸ್ಮಶಾನಕ್ಕೆ, ಕರೆದುಕೊಂಡು ಹೋದಳು. ನನ್ನ ಜೀವನದಲ್ಲಿ ಮೊದಲ ಸಲ. ಗೇಟಿನಲ್ಲಿ ನನ್ನ ಕಾಲು ನಿಂತಿತು. ಲವೀನಾ ಕೈ ಹಿಡಿದುಕೊಂಡಳು. ಒಳಗೆ ನೋಡಿದರೆ ನಮ್ಮ ಕಬ್ಬನ್ ಪಾರ್ಕಿಗಿಂತ ಚೆನ್ನಾಗಿದೆ. ಬೆಂಚುಗಳಿವೆ, ಅಳಿಲುಗಳಿವೆ. ಮಕ್ಕಳ ಸಾಲು ಒಂದು ಮೂಲೆಯಲ್ಲಿ. ಗಾಳಿಗೆ ತಿರುಗುವ ಗಿರಗಿಟ್ಲೆ, ಕರಡಿ ಬೊಂಬೆ, ಬಣ್ಣದ ಕಲ್ಲು. ಅಲ್ಲಿ ನಿಂತು ಓದಿದರೆ ಎಲ್ಲ ಜರ್ಮನ್ ಹೆಸರು, ನಡುವೆ ಒಂದು ನಮ್ಮ ಕರಾವಳಿಯ ಮನೆತನದ ಹೆಸರು.

ಲವೀನಾ ಎಲ್ಲ ತೋರಿಸಿಕೊಟ್ಟಳು. ಚಳಿಗಾಲಕ್ಕೆ ಮೇಲೆ ಹೊದಿಸಿದ ಫರ್ ಮರದ ಟೊಂಗೆಗಳನ್ನು ಯಾವಾಗ ತೆಗೆಯಬೇಕು. ನೀರಿನ ಕ್ಯಾನು ಎಲ್ಲಿರುತ್ತದೆ. ಕಳೆ ಬೆಳೆಯಲು ಬಿಡಬಾರದು, ಬಿಟ್ಟರೆ ಕಚೇರಿಯವರು ಕಲ್ಲಿಗೆ ಚೀಟಿ ಅಂಟಿಸುತ್ತಾರೆ, ಯಾರೂ ದಿಕ್ಕಿಲ್ಲ ಅಂದುಕೊಳ್ಳುತ್ತಾರೆ. "ನೀರು ಜಾಸ್ತಿ ಬೇಡ ಅಕ್ಕ. ಬಿಸಿಲಿಗೆ ಬೆಳಿಗ್ಗೇನೇ ಹಾಕಿ. ಮಳೆ ಬಂದ ವಾರ ಬರದಿದ್ರೂ ಆಗ್ತದೆ." ಕೆಲಸಕ್ಕೆ ಹೋಗುವ ತಾಯಿ ಪಕ್ಕದ ಮನೆಯವರ ಕೈಗೆ ಕೂಸು ಕೊಟ್ಟು ಹೇಳುವುದೂ ಹೀಗೇ ಅಲ್ಲವೇ? ನಾನು ಪ್ರತಿಯೊಂದಕ್ಕೂ ಹೂಂ ಅಂದೆ.

ಪೀಟರ್ ಬಂದಿರಲಿಲ್ಲ. ಗೇಟಿನ ಆಚೆ ಬಸ್ ಸ್ಟಾಪಿನಲ್ಲಿ ನಿಂತಿದ್ದರು. ನಾವು ಹೊರಗೆ ಬಂದಾಗ, "ಥ್ಯಾಂಕ್ಸ್ ಸುಮಕ್ಕ" ಎಂದು ಹೇಳಿ ಬಸ್ಸಿನ ಟೈಮ್ ಟೇಬಲ್ ಕಡೆ ತಿರುಗಿದರು. ಬಸ್ಸು ಬರುವವರೆಗೂ ಅದನ್ನೇ ಓದುತ್ತಿದ್ದರು.

ನಾನು ಮನೆಗೆ ಬಂದೆ. ಬಾಗಿಲಲ್ಲಿ ನಿಂತೆ. ರಾಘವೇಂದ್ರ ಬಾಗಿಲು ತೆಗೆದು, "ಸ್ನಾನಕ್ಕೆ ಬಿಸಿನೀರು ಬಿಡ್ಲಾ?" ಅಂದರು. ತಪ್ಪು ಅವರದಲ್ಲ. ಅವರ ಮನೆಯ ಕ್ರಮವೂ ನಮ್ಮದೇ.

ಮಗುವನ್ನು ನೋಡಿಕೊಂಡು ಬಂದವರು ಯಾರಾದರೂ ತಲೆಗೆ ನೀರು ಹಾಕಿಕೊಳ್ಳುತ್ತಾರೆಯೇ? ಬೇಡ ಅಂದೆ. ಒಳಗೆ ಹೋಗಿ ಅನ್ನಕ್ಕಿಟ್ಟೆ.

ಅವರು ಹೋದ ಗುರುವಾರ ಫ್ರಾಂಕ್‌ಫರ್ಟಿನಿಂದ ವಿಮಾನ ಹತ್ತಿದರು. ಗ್ರೈಂಡರ್ ಯೇನಾ ಎಂಬ ಊರಿನಲ್ಲಿ ಓದುವ ನಮ್ಮ ಕಡೆಯ ಹುಡುಗರಿಗೆ ಹೋಯಿತು, ನಾನೇ ಕೊಡಿಸಿದೆ. ಈ ಶನಿವಾರ ನಾನೊಬ್ಬಳೇ ಬಸ್ಸು ಹತ್ತಿ ಹೋಗಿದ್ದೆ. ಗೇಟಿನಲ್ಲಿ ಕಾಲು ಮತ್ತೆ ನಿಂತಿತು, ಆಮೇಲೆ ನಡೆಯಿತು. ಎಲೆ ತೆಗೆದೆ. ಬತ್ತಿ ಹಚ್ಚಿದೆ, ಗಾಳಿಗೆ ಆರಿತು, ಮತ್ತೆ ಹಚ್ಚಿದೆ. ಸುತ್ತ ಯಾರೂ ಇಲ್ಲದ್ದು ನೋಡಿಕೊಂಡು ಹೆಸರು ಹಿಡಿದು ಕರೆದೆ. ಹಾಗೆ ಕರೆದ ಮೇಲೆ ಸುಮ್ಮನೆ ಬರುವುದು ಹೇಗೆ? ನಿಮ್ಮಮ್ಮ ಕ್ಷೇಮವಾಗಿ ತಲುಪಿದ್ದಾಳೆ ಎಂದು ಹೇಳಿ ಬಂದೆ.

ಬರುವಾಗ ಗೇಟಿನ ಹತ್ತಿರ ಹಿಂತಿರುಗಿ ನೋಡಿದೆ. ಬೇಕೆಂದೇ ನೋಡಿದೆ.

ಲವೀನಾ ಫೋನ್ ಮಾಡಿದ್ದಳು. ಊರಿನ ಶೆಕೆ, ನೆಂಟರ ಗಲಾಟೆ ಎಲ್ಲ ಹೇಳಿ ಕೊನೆಗೆ, "ಹೋಗಿದ್ರಾ?" ಅಂದಳು. ಹೋಗಿದ್ದೆ ಅಂದೆ. "ಕರೆದ್ರಾ?" ಅಂದಳು. ಕರೆದೆ ಅಂದೆ. ಐಎಸ್‌ಡಿ ಬಿಲ್ಲು ಓಡುತ್ತಿತ್ತು. ಇಬ್ಬರೂ ಫೋನ್ ಇಡಲಿಲ್ಲ.

ಈಗ ನಿಮ್ಮ ಹತ್ತಿರ ಒಂದು ಮಾತು. ಮೊನ್ನೆ ರಾಘವೇಂದ್ರ ಆಫೀಸಿನಿಂದ ಬಂದವರು ಶೂ ಬಿಚ್ಚದೆ ಸೋಫಾದ ಮೇಲೆ ಕೂತರು. ಅವರ ಡಿಪಾರ್ಟ್‌ಮೆಂಟಿನಲ್ಲೂ ಮಾತು ಶುರುವಾಗಿದೆಯಂತೆ. ಇನ್ನೂ ಏನೂ ಗೊತ್ತಿಲ್ಲ. ಕೆಲಸ ಉಳಿದರೂ ನಮ್ಮ ಪರ್ಮಿಟ್ ಐದು ವರ್ಷದ್ದು, ಅದರಲ್ಲಿ ಎರಡು ವರ್ಷ ಆಗಲೇ ಮುಗಿದಿದೆ. ಅವಳ ರೂಹೆತ್ಸೈಟ್ ಅದಕ್ಕಿಂತ ಬಹಳ ಉದ್ದ. ನಾನು ನೋಡ್ಕೋತೀನಿ ಅಂದಾಗ ಈ ಲೆಕ್ಕ ಲವೀನಾಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಹೆಚ್ಚೇನೂ ಕೆಲಸವಿಲ್ಲ. ಬಿಸಿಲುಗಾಲದಲ್ಲಿ ನೀರು, ಎಲೆ ಉದುರಿದಾಗ ಗುಡಿಸುವುದು. ಮೀನು ತಿನ್ನುವವರಾದರೂ ಆದೀತು, ತಿನ್ನದವರಾದರೂ ಆದೀತು. ಹೆಸರು ಮಾತ್ರ ಸರಿಯಾಗಿ ಕರೆಯಬೇಕು. ಇರೇನೆ ಅಲ್ಲ, ಐರಿನ್.

ನಿಮ್ಮಲ್ಲಿ ಯಾರಾದರೂ ಹ್ಯಾಂಬರ್ಗ್ ಕಡೆ ಬರುವವರಿದ್ದೀರಾ?